ಮುನಿಶಾಮಣ್ಣನ ಅಳತೆಕೋಲಿನ ಸಾಲು

ನಮ್ಮ ಬೊಂಬೆ ಕಾರ್ಖಾನೆಯ ಬಾಗಿಲ ಪಕ್ಕದ ಗೋಡೆಗೆ ಈಗ ಕಂಪ್ಯೂಟರಿನ ಪರದೆ ನೇತುಹಾಕಿದ್ದಾರೆ. ಅದರ ಕೆಳಗೆ, ಸುಣ್ಣದ ಮೇಲೆ, ಒಂದು ಆಳುದ್ದಕ್ಕೆ ಎಣ್ಣೆಜಿಡ್ಡಿನ ಪಟ್ಟಿ ಕಾಣುತ್ತದೆ. ಎರಡು ಸಲ ಸುಣ್ಣ ಹೊಡೆದರೂ ಹೋಗಲಿಲ್ಲ. ಅದು ಮುನಿಶಾಮಣ್ಣನ ಕೈ ಉಜ್ಜಿ ಉಜ್ಜಿ ಆದದ್ದು. ನಲವತ್ತೊಂದು ವರ್ಷ ಅವನು ಆ ಗೋಡೆಗೆ ಕೈಯಾನಿಸಿಕೊಂಡೇ ಓಡಾಡಿದ.

ಹೋದ ವರ್ಷ ಮಾಘದಲ್ಲಿ ಅವನು ತೀರಿಕೊಂಡ. ಅವನು ದೊಡ್ಡ ಮನುಷ್ಯ ಏನಲ್ಲ. ಲೇತಿನ ಮುಂದೆ ಕೂತು ಬೊಂಬೆ ಕಡೆದು ಹೆಸರು ಮಾಡಿದವನೂ ಅಲ್ಲ. ಕೋಲು ಕಾಯುತ್ತಿದ್ದ, ಅಷ್ಟೆ. ಆದರೆ ಆ ಪರದೆಯ ಮೇಲೆ ಇವತ್ತು ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಅವನ ತಲೆಯಿಂದ ಇಳಿದು ಬಂದದ್ದು. ಅದು ಗೊತ್ತಿರುವವರು ಈಗ ಮೂರೋ ನಾಲ್ಕೋ ಜನ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಊರು ಕಬ್ಬಾಳು ಬೆಟ್ಟದ ಕೆಳಗೆ. ಕುರಿ ಸಾಕುವ ಮನೆತನ. ಸಾಯಂಕಾಲ ಕುರಿ ರೊಪ್ಪಕ್ಕೆ ನುಗ್ಗುವಾಗ ಇವರಪ್ಪ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದನಂತೆ. ಇವನಿಗೆ ಎಣಿಕೆ ಬರುತ್ತಿರಲಿಲ್ಲ. ಆದರೆ ಅಪ್ಪನಿಗಿಂತ ಮೊದಲೇ ಹೇಳುತ್ತಿದ್ದ: "ಕುಂಟಿ ಹಿಂದೆ ಬರಬೇಕಾದ ಬೋಳಿ ಬಂದಿಲ್ಲ ಕಣಪ್ಪ." ಯಾವುದರ ಬೆನ್ನಿಗೆ ಯಾವುದು ಅನ್ನುವುದು ಅವನ ಕಣ್ಣಲ್ಲಿ ಕಟ್ಟಿರುತ್ತಿತ್ತು. ಅಂಕಿ ಬೇಕಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಚನ್ನಪಟ್ಟಣಕ್ಕೆ ಬಂದು ಕಾರ್ಖಾನೆ ಸೇರಿದ. ಅದೇ ತಿಂಗಳು ನಮ್ಮೆಜಮಾನರು, ಅಂದರೆ ನನ್ನ ಗಂಡ ಬಸವಯ್ಯನವರೂ ಸೇರಿದ್ದು. ಇಬ್ಬರೂ ಅಕ್ಕಪಕ್ಕದ ಲೇತು. ಐದು ತಿಂಗಳಿಗೆ ಮುನಿಶಾಮಣ್ಣನ ಬಲಗೈಯ ಎರಡು ಬೆರಳು ಬೆಲ್ಟಿಗೆ ಸಿಕ್ಕಿ ಹೋದವು. ಉಳಿ ಹಿಡಿಯಲು ಆಗದವನಿಗೆ ಕೋಲಿನ ಕೆಲಸ ಕೊಟ್ಟರು.

ಕೋಲು ಅಂದರೆ ಗೇಣುದ್ದದ ಮರದ ಪಟ್ಟಿ. ಬೊಂಬೆಯ ಕುತ್ತಿಗೆ ಎಲ್ಲಿ, ಹೊಟ್ಟೆ ಎಲ್ಲಿ, ಬುಡ ಎಲ್ಲಿ ಎಂದು ಅದರ ಅಂಚಿನಲ್ಲಿ ಕಚ್ಚು ಹಾಕಿರುತ್ತಾರೆ. ಕಡೆಯುವವನು ಅದನ್ನು ಮರಕ್ಕೆ ಹಿಡಿದು ಅಳತೆ ನೋಡಿಕೊಳ್ಳುತ್ತಾನೆ. ಒಂದು ಬೊಂಬೆಗೆ ಒಂದು ಕೋಲು. ಕೋಲು ಮಾಡಿದವನು ತುದಿಯಲ್ಲಿ ತನ್ನ ಗುರುತು ಕೆತ್ತುತ್ತಿದ್ದ, ಓದು ಬಂದವರು ಕಡಿಮೆ ನೋಡಿ. ಒಬ್ಬನದು ಕಣ್ಣು, ಒಬ್ಬನದು ಮೂರು ಗೀಟು. ನಮ್ಮೆಜಮಾನರದು ಅರ್ಧಚಂದ್ರ. ಹಾಗಾಗಿ ಕೂಸು ಆಡಿಸುವ ಗಿಲಕಿ ಒಂದಕ್ಕೇ ಏಳು ಕೋಲು ಇದ್ದವು, ಏಳು ಜನರದು. ಯಾವುದನ್ನೂ ಬಿಸಾಡುವ ಹಾಗಿಲ್ಲ. ಬಿಸಾಡುತ್ತೀನಿ ಅಂದರೆ ಮುನಿಶಾಮಣ್ಣ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

ಬಾಗಿಲಿನಿಂದ ಆಚೆ ಮೂಲೆಯ ಗೋಡೆಯವರೆಗೆ ಒಂದು ಹಲಗೆ ಹೊಡೆದಿತ್ತು. ಅದರ ಮೇಲೆ ಕೋಲು ಜೋಡಿಸುವುದಕ್ಕೆ ಅವನದೊಂದು ಕ್ರಮ. ಯಾವ ಕೋಲಿನ ಕಚ್ಚು ತಿದ್ದಿದರೋ ಅದು ಬಾಗಿಲ ಕಡೆಯ ತುದಿಗೆ ಬರಬೇಕು. ಉಳಿದವು ಒಂದೊಂದು ಸ್ಥಾನ ಗೋಡೆಯ ಕಡೆಗೆ ಸರಿಯಬೇಕು. ಬರೀ ಅಳತೆ ನೋಡಲು ತೆಗೆದದ್ದು, ಧೂಳು ಒರೆಸಲು ತೆಗೆದದ್ದು, ಇದ್ದ ಜಾಗಕ್ಕೇ ವಾಪಸ್ಸು. "ಮುಟ್ಟೋದು ಬ್ಯಾರೆ, ತಿದ್ದೋದು ಬ್ಯಾರೆ" ಅನ್ನುತ್ತಿದ್ದ. ನಾವು ಹೆಂಗಸರು ಪೆಟ್ಟಿಗೆಯಲ್ಲಿ ಉಟ್ಟು ಒಗೆದ ಸೀರೆಯನ್ನು ಮೇಲಿಡುವುದಿಲ್ಲವೇ, ಹಾಗೆ. ಆದರೆ ನೋಡಿ ಮಡಿಸಿಟ್ಟ ಸೀರೆ ಮೇಲೆ ಬರಬಾರದು. ಕೆಲಸಗಾರ ಬಾಗಿಲಿಂದ ಶುರುಮಾಡಿ ಹುಡುಕಿದರೆ ಮೊದಲು ಸಿಕ್ಕ ಗಿಲಕಿಯೇ ಈಗ ನಡೆಯುತ್ತಿರುವ ಗಿಲಕಿ. ಯಾರನ್ನೂ ಕೇಳಬೇಕಿಲ್ಲ.

ಆರೇಳು ವರ್ಷದ ಹಿಂದೆ ಆಫೀಸಿಗೆ ವನಜಾಕ್ಷಿ ಬಂದಳು. ಮಾಗಡಿ ಕಡೆಯ ಹುಡುಗಿ, ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಕೋಲುಗಳನ್ನೆಲ್ಲ ಅಳೆದು ಕಂಪ್ಯೂಟರಿಗೆ ಚಿತ್ರ ಮಾಡಿ ಹಾಕುವುದು ಅವಳ ಕೆಲಸ. ತೊಂಬತ್ತನಾಲ್ಕು ಕೋಲು, ತೊಂಬತ್ತನಾಲ್ಕು ಫೈಲು. ಆಫೀಸಿನ ಮೂಲೆಯಲ್ಲಿ ಸರ್ವರ್ ಅಂತ ಒಂದು ಕಪ್ಪು ಡಬ್ಬ. ಅದರೊಳಗೆ ಒಂದು ಫೋಲ್ಡರು, ಫೋಲ್ಡರಿನೊಳಗೆ ಈ ಫೈಲುಗಳು. ಅಲ್ಲಿಂದ ಗೋಡೆಯ ಪರದೆಗೆ ಪಟ್ಟಿ ಬರುತ್ತಿತ್ತು: ಬೊಂಬೆಯ ಪುಟ್ಟ ಚಿತ್ರ, ಪಕ್ಕದಲ್ಲಿ ಹೆಸರು, ಹೆಸರಿನ ಬಾಲದಲ್ಲಿ ಕೋಲಿನ ಗುರುತು.

ಮೊದಲ ದಿನ ಪಟ್ಟಿ ನೋಡಿ ಮುನಿಶಾಮಣ್ಣ ಮುಖ ಸಿಂಡರಿಸಿದ.

"ಇದೇನ್ ಮಗಾ, ನೆನ್ನೆ ತಿದ್ದಿದ ಬುಗುರಿ ನಡುಮಧ್ಯದಲ್ಲಿ ಐತೆ? ಹತ್ತು ವರ್ಷ ಮುಟ್ಟದ ಆನೆ ಮೇಲೆ ಕೂತೈತೆ?"

"ಅಕ್ಷರದ ಪ್ರಕಾರ ಜೋಡಿಸಿದ್ದೀನಿ ತಾತ. ಅ, ಆ, ಇ, ಈ."

"ಅಕ್ಷರ ಬಂದಿದ್ರೆ ನಾವ್ಯಾಕವ್ವ ಅರಗಿನ ಹೊಗೆ ಕುಡೀತಿದ್ವಿ? ತಿದ್ದಿದ್ದು ಮುಂದಕ್ಕೆ ಬರಬೇಕು. ಬಾಗಲ ತಾವ."

ಅವಳು ನಕ್ಕಳು. ಆಮೇಲೆ ನನಗೆ ಹೇಳಿದಳು: "ಅಜ್ಜಿ, ಪ್ರತಿ ಫೈಲಿಗೂ ಕೊನೇ ಸಲ ತಿದ್ದಿದ ಹೊತ್ತು ತಾನಾಗೇ ಬೀಳುತ್ತೆ. ಆ ಹೊತ್ತು ನೋಡ್ಕೊಂಡು ಹೊಸದು ಮೇಲೆ, ಹಳೇದು ಕೆಳಗೆ ಜೋಡಿಸು ಅಂತ ಕಂಪ್ಯೂಟರಿನ ಕೋಡಿನಲ್ಲಿ ಒಂದು ಸಾಲು ಬದಲಾಯಿಸಿದರೆ ಆಯ್ತು. ತಾತ ಕೇಳಿದ್ದು ಅದನ್ನೇ." ಬದಲಾಯಿಸಿದಳು. ಎಲ್ಲ ಫೈಲುಗಳನ್ನೂ ಗೋಡೆ ಕಡೆಯ ಕೋಲಿನಿಂದ ಶುರುಮಾಡಿ ಬಾಗಿಲ ಕಡೆಗೆ ಒಂದೊಂದಾಗಿ ಮತ್ತೆ ಏರಿಸಿದಳು. ಪರದೆಯ ಪಟ್ಟಿ ಹಲಗೆಯ ಸಾಲಿನ ಹಾಗೇ ಆಯಿತು. ಅವತ್ತಿನಿಂದ ಕಾರ್ಖಾನೆಯಲ್ಲಿ ಒಂದೇ ಮಾತು: ಮೇಲಿರುವುದೇ ಹೊಸದು.

ಕೋಲುಗಳು ಆಮೇಲೂ ಹಲಗೆಯ ಮೇಲೇ ಇದ್ದವು. ಒಂದು ವರ್ಷ ಮಳೆ ವಿಪರೀತ ಹಿಡಿದು ಗೋಡೆ ಥಂಡಿಯಾಗಿ ಹಲಗೆ ಕಿತ್ತರು. ಕೋಲುಗಳನ್ನು ಕಂತೆ ಕಟ್ಟಿ ಅಟ್ಟಕ್ಕೆ ಎಸೆದರು. ಕಟ್ಟಿದವರಿಗೆ ಸಾಲಿನ ಗೊಡವೆ ಇಲ್ಲ. ಮುನಿಶಾಮಣ್ಣ ಆಗ ವಾರಕ್ಕೆ ಎರಡು ದಿನ ಊರಿನಿಂದ ಬಂದು ಹೋಗುತ್ತಿದ್ದ. ಬಂದವನು ಬರೀ ಗೋಡೆ ನೋಡಿದ. ಅದರ ಮೇಲೆ ಕೈಯಾಡಿಸಿ ಹೋದ.

ಅದರ ಮಾತೆತ್ತಿದ್ದು ಆಯುಧಪೂಜೆಯ ದಿನ.

ಪ್ರತಿ ವರ್ಷ ಲೇತಿಗೆ, ಉಳಿಗೆ, ಪ್ರತಿ ಕೋಲಿಗೂ ಕುಂಕುಮ ಇಡುವುದು ನಮ್ಮ ಪದ್ಧತಿ. ಆ ಸಲ ವನಜಾಕ್ಷಿ ಕಂಪ್ಯೂಟರಿನ ಡಬ್ಬಕ್ಕೆ ಬೊಟ್ಟಿಟ್ಟು ಹೂ ಮುಡಿಸಿದಳು.

"ಕೋಲಿಗೆ?" ಅಂದ ಮುನಿಶಾಮಣ್ಣ.

"ಕೋಲೆಲ್ಲ ಇದರೊಳಗೇ ಇವೆಯಲ್ಲ ತಾತ."

"ಇದು ಚೆನ್ನಾಗೈತೆ ಕಣವ್ವ. ಗುಡಿ ಬಾಗಲಿಗೆ ಮಂಗಳಾರತಿ ಎತ್ಬುಟ್ಟು ದೇವರಿಗೂ ಆಯ್ತು ಅಂದಂಗೆ. ಒಂದೊಂದಕ್ಕೂ ಇಕ್ಕಬೇಕು."

ಅವಳು ಪಾಪ, ಒಳ್ಳೆಯ ಹುಡುಗಿ. ಆಗಲಿ ಅಂದಳು. ಒಂದೊಂದೇ ಚಿತ್ರ ತೆರೆದು, ಮೂಲೆಯಲ್ಲಿ ಕೆಂಪು ಚುಕ್ಕೆ ಇಟ್ಟು, ಸೇವ್ ಮಾಡುವುದು. ಹೆಂಗಸರೆಲ್ಲ ಸುತ್ತ ನೆರೆದೆವು. ನಂದು ತೆಗಿ, ನಂದು ತೆಗಿ ಅಂತ ಗಲಾಟೆ. ಅಂಬುಜಮ್ಮನಂತೂ ತಾನು ಬಣ್ಣ ಹಾಕುವ ಮದುಮಗಳ ಬೊಂಬೆ ತೆಗೆಸಿ, "ಮದುಮಗಳಿಗೆ ಬೊಟ್ಟು ಮೂಲೇಲಿ ಇಡ್ತಾರೇನೆ? ಹಣೆಗಿಡು" ಎಂದು ಹಟ ಹಿಡಿದಳು. ಯಾವ ಕ್ರಮವೂ ಇಲ್ಲದೆ, ಕೈಗೆ ಸಿಕ್ಕ ಹಾಗೆ, ಮಧ್ಯಾಹ್ನದ ಊಟದ ಹೊತ್ತಿಗೆ ತೊಂಬತ್ತಮೂರಕ್ಕೆ ಬೊಟ್ಟಾಯಿತು.

ಕೊನೆಯದನ್ನು ನಾನು ಕೇಳಿ ಇಡಿಸಿಕೊಂಡೆ. ಅರ್ಧಚಂದ್ರದ ಗಿಲಕಿ. ನಮ್ಮೆಜಮಾನರು ತೀರಿಹೋಗಿ ಆಗ ಹದಿಮೂರು ವರ್ಷ ಆಗಿತ್ತು. ವನಜಾಕ್ಷಿ ನನ್ನ ಬೆರಳನ್ನು ಮೌಸಿನ ಮೇಲಿಟ್ಟು ಒತ್ತಿಸಿದಳು.

ಮಾರನೆಯ ದಿನ ವಿಜಯದಶಮಿ ರಜೆ. ಗುರುವಾರ ಬಂದಾಗ ಪಟ್ಟಿಯ ತುದಿಯಲ್ಲಿ ಗಿಲಕಿ ಇತ್ತು. ಹಬ್ಬದ ಮುಂಚೆಯೂ ತುದಿಯಲ್ಲಿ ಗಿಲಕಿಯೇ ಇದ್ದದ್ದು, ಕಣ್ಣಿನ ಗುರುತಿನ ಹೊಸ ಗಿಲಕಿ. ಬೆಂಗಳೂರಿನ ಅಂಗಡಿಗೆ ಅದನ್ನೇ ಕಡೆಯಬೇಕಿತ್ತು. ಲೋಕೇಶ ನಮ್ಮಲ್ಲಿ ಮುಖ್ಯ ಕೆಲಸಗಾರ. ಹೆಸರಿನ ಬಾಲದಲ್ಲಿ ಕಣ್ಣೋ ಚಂದ್ರನೋ ಅಂತ ಅವನು ಓದುವ ಗೋಜಿಗೆ ಹೋಗಲಿಲ್ಲ. ಮೇಲಿರುವುದೇ ಹೊಸದಲ್ಲವೇ. ಎರಡು ದಿನದಲ್ಲಿ ಇನ್ನೂರರವತ್ತು ಕಡೆದು ಗುಡ್ಡೆ ಹಾಕಿದರು.

ತಾಳೆಗರಿಯಿಂದ ಉಜ್ಜಿ ಅರಗಿಗೆ ಹೊಳಪು ಕೊಡುವುದು ನನ್ನ ಕೆಲಸ. ನನ್ನ ಬಲಗೈ ಹೆಬ್ಬೆರಳು ಹಿಂದೆ ಬಿಸಿ ಅರಗು ಬಿದ್ದು ಒಂದು ಪಕ್ಕಕ್ಕೆ ಸೊಟ್ಟಗಾಗಿದೆ. ಗುಂಡಗಿನ ಸಾಮಾನಿನ ಮೇಲೆ ಗರಿ ಜಾರುತ್ತದೆ. ಗುರುವಾರ ಮೊದಲ ಗಿಲಕಿ ಕೈಗೆ ಬಂತು. ಹಿಡಿಯ ಮೇಲೆ, ಕುತ್ತಿಗೆಯ ಕೆಳಗೆ, ಸಣ್ಣದೊಂದು ತಗ್ಗು. ನನ್ನ ಸೊಟ್ಟ ಬೆರಳು ತಾನಾಗಿಯೇ ಅಲ್ಲಿ ಹೋಗಿ ಕೂತಿತು. ಇದು ಬಸವಯ್ಯನವರ ಗಿಲಕಿ ಎಂದು ನನಗೆ ತಕ್ಷಣ ಗೊತ್ತಾಯಿತು. ಹಬ್ಬಕ್ಕೆ ಅಂತ ಹಳೆಯದನ್ನು ಮತ್ತೆ ತೆಗೆದಿದ್ದಾರೆ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ನಿಲ್ಲಿಸಿಬಿಟ್ಟಾರು ಅಂತ ಒಳಗೊಳಗೇ ಇತ್ತೋ ಏನೋ. ಎರಡು ದಿನ ಮಾತೇ ಆಡದೆ ಉಜ್ಜಿದೆ. ಅಷ್ಟು ಸುಖವಾಗಿ ನಾನು ಕೆಲಸ ಮಾಡಿ ಬಹಳ ವರ್ಷ ಆಗಿತ್ತು.

ಶನಿವಾರ ಬೆಳಿಗ್ಗೆ ಕಾರ್ಖಾನೆಯ ಸೆಕ್ರೆಟರಿ ಕನಕರಾಜು ಬಂದರು. ಅವರ ಹತ್ತಿರ ಒಂದು ಕಬ್ಬಿಣದ ಬಳೆ ಇರುತ್ತದೆ. ಗಿಲಕಿಯ ತಲೆ ಆ ಬಳೆಯಲ್ಲಿ ತೂರಬಾರದು. ತೂರಿದರೆ ಅದು ಮಗುವಿನ ಬಾಯೊಳಗೂ ತೂರುತ್ತದೆ ಅಂತ ಲೆಕ್ಕ. ಹಿಂದಿನ ಕಾಲದಲ್ಲಿ ಆ ಕಟ್ಟಳೆ ಇರಲಿಲ್ಲ. ನಮ್ಮೆಜಮಾನರ ಗಿಲಕಿಯ ತಲೆ ಸಣ್ಣದು.

"ನೋಡಯ್ಯ ಲೋಕೇಶ, ಬಿಲಕ್ಕೆ ಇಲಿ ಹೋದಂಗೆ ಹೋಗ್ತದೆ!" ಅಂದರು ಕನಕರಾಜು. ಒಂದಾದ ಮೇಲೊಂದು ತೂರಿಸಿದರು.

"ಮೇಲಿದ್ದುದನ್ನೇ ಕಡ್ದಿದ್ದು ಸಾರ್," ಅಂದ ಲೋಕೇಶ. "ನಾನೇನು ಕನಸು ಕಂಡು ಕಡ್ದಿದ್ನಾ?"

ಎಲ್ಲರೂ ಪರದೆ ನೋಡಿದರು. ಏಳು ಗಿಲಕಿ ಏಳು ಕಡೆ ಚೆದುರಿದ್ದವು. ಒಂಬತ್ತು ಬುಗುರಿಯಲ್ಲಿ ಯಾವುದು ಈಗಿನದು, ಬಂಡಿಯ ಚಕ್ರದಲ್ಲಿ ಯಾವುದು ಈಗಿನದು, ಯಾರಿಗೂ ತಿಳಿಯದು. ವನಜಾಕ್ಷಿ ಫೈಲುಗಳ ಹೊತ್ತು ತೆರೆದು ನೋಡಿದಳು. ಬೊಟ್ಟಿಟ್ಟು ಸೇವ್ ಮಾಡಿದ್ದನ್ನೂ ಆ ಸರ್ವರ್ ಡಬ್ಬ ತಿದ್ದಿದ್ದು ಎಂದೇ ಲೆಕ್ಕಕ್ಕೆ ಹಿಡಿದಿತ್ತು. ಎಲ್ಲದರ ಹಳೆಯ ಹೊತ್ತು ಅಳಿಸಿಹೋಗಿ ಹಬ್ಬದ ದಿನದ್ದೇ ಬಿದ್ದಿತ್ತು.

"ಬೇರೆ ಕಡೆ ಇಟ್ಟಿಲ್ವಾ?" ಅಂದರು ಕನಕರಾಜು.

"ಪೆನ್‌ಡ್ರೈವಿನಲ್ಲಿ ಚಿತ್ರ ಇವೆ ಸಾರ್. ಆದರೆ ಇಳಿಸಿಕೊಂಡಾಗ ಎಲ್ಲಕ್ಕೂ ಇಳಿಸಿದ ದಿನದ ಹೊತ್ತೇ ಬಿದ್ದಿದೆ. ಸಾಲು ಇಲ್ಲ."

"ಬುಧವಾರದ ಒಳಗೆ ಸರಿಹೋಗಬೇಕು. ಇಲ್ದಿದ್ರೆ ಬೇರೆಯವರನ್ನ ಕರೆಸ್ತೀನಿ. ನೀನು ಮನೇಲಿರಮ್ಮ."

ಅವಳು ಅಳಲಿಲ್ಲ. ನೀರಿನ ಬಾಟಲಿ ಬ್ಯಾಗಿಗೆ ಹಾಕಿದಳು, ಮತ್ತೆ ಹೊರಗೆ ತೆಗೆದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಉಜ್ಜಿದವಳು ನಾನು. ಮಧ್ಯಾಹ್ನದ ಬಸ್ಸಿಗೆ ಕಬ್ಬಾಳಿಗೆ ಹೋದೆ.

ಮುನಿಶಾಮಣ್ಣ ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಡೆದದ್ದೆಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ.

"ಬೊಟ್ಟಿಕ್ಕು ಅಂದೋನು ನಾನು," ಅಂದ. "ಕೋಲಿಗೆ ಬೊಟ್ಟಿಕ್ಕುದ್ರೆ ಕೋಲು ಬದಲಾಗಕಿಲ್ಲ. ಆ ಡಬ್ಬಕ್ಕೆ ಅದು ತಿಳಿಯಾಕಿಲ್ಲ ಅಂತ ನನಗೇನು ಗೊತ್ತು?" ಹಗ್ಗ ಬದಿಗಿಟ್ಟ. "ನಾಳೆ ಮೊದಲ ಬಸ್ಸಿಗೆ ಬತ್ತೀನಿ. ಆ ಮಗೀಗೆ ಹೇಳು."

ಭಾನುವಾರ ಕಾರ್ಖಾನೆಯಲ್ಲಿ ನಾವು ಮೂವರೇ. ಅವನು ಕುರ್ಚಿ ಬೇಡ ಅಂದ. ಹಲಗೆ ಇದ್ದ ಗೋಡೆಯ ಹತ್ತಿರ ನಿಂತ, ಮೂರು ಬೆರಳಿನ ಬಲಗೈಯನ್ನು ಜಿಡ್ಡಿನ ಪಟ್ಟಿಯ ಮೂಲೆಗೋಡೆ ಕಡೆಯ ತುದಿಯ ಮೇಲಿಟ್ಟ.

"ಇಸವಿ ತಾರೀಖು ನನಗೆ ಬರಾಕಿಲ್ಲ ಮಗಾ."

"ತಾರೀಖು ಬೇಡ ತಾತ. ಯಾವುದಾದ ಮೇಲೆ ಯಾವುದು ಅಂತ ಹೇಳಿ ಸಾಕು. ನಾನು ಒಂದೊಂದಕ್ಕೂ ಒಂದೊಂದು ನಿಮಿಷ ಮುಂದಿನ ಹೊತ್ತು ಕೊಟ್ಕೊಂಡು ಹೋಗ್ತೀನಿ. ಸಾಲು ಕೂತ್ಕೊಳ್ಳುತ್ತೆ."

"ಹಂಗಾದ್ರೆ ಕುರಿ ರೊಪ್ಪಕ್ಕೆ ಹೊಡೆದಂಗೆ. ಬರ್ಕೋ."

ಕಣ್ಣು ಮುಚ್ಚಿ ಶುರುಮಾಡಿದ. ಗೋಡೆಗೆ ಅಂಟಿದ್ದು ಆನೆ. ಅದರ ಬೆನ್ನಿಗೆ ಮೂರು ಗೀಟಿನ ಬಂಡಿ. ಅದರ ಬೆನ್ನಿಗೆ ಎಲೆ ಗುರುತಿನ ಬುಗುರಿ, ಅದನ್ನು ತಿದ್ದಿದ್ದು ಯಾಕೆಂದರೆ ಮೊಳೆ ಉದ್ದವಾಗಿ ಬುಗುರಿ ಕುಂಟುತ್ತಿತ್ತು. ಒಂದೊಂದಕ್ಕೂ ಒಂದೊಂದು ಮಾತು. ಯಾರು ತಿದ್ದಿದರು, ಅವತ್ತು ಯಾರ ಜೊತೆ ಜಗಳ, ಊಟಕ್ಕೆ ಏನು. ಅವನ ಕೈ ಒಂದೊಂದೇ ಬೆರಳಗಲ ಬಾಗಿಲ ಕಡೆಗೆ ಸರಿಯುತ್ತಿತ್ತು. ತಪ್ಪಿದರೆ ಹಿಂದಕ್ಕೆ ಬರುತ್ತಿದ್ದ: "ತಡಿ, ತಡಿ. ಕುದುರೆ ಒಸಿ ಮುಂಚೆ. ಅವತ್ತು ಕೆಂಪರಗು ಮುಗಿದಿತ್ತು."

ನಾನು ತೊಂಬತ್ತನಾಲ್ಕು ಹುಣಸೆಬೀಜ ಎಣಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅವನು ಒಂದು ಹೆಸರು ಹೇಳಿದರೆ ಒಂದು ಬೀಜ ನೆಲಕ್ಕೆ. ಭಾನುವಾರ ನಲವತ್ತು ಆದವು, ಸೋಮವಾರ ಇಪ್ಪತ್ತೊಂಬತ್ತು. ಮಂಗಳವಾರ ಮಧ್ಯಾಹ್ನ ಅವನ ಕೈ ಬಾಗಿಲ ಚೌಕಟ್ಟಿಗೆ ತಾಗಿತು. "ಕಣ್ಣಿನ ಗಿಲಕಿ. ಮುಗೀತು," ಅಂದ.

ನನ್ನ ಮಡಿಲಲ್ಲಿ ಒಂದು ಬೀಜ ಉಳಿದಿತ್ತು.

"ಮುನಿಶಾಮಣ್ಣ, ಒಂದು ಉಳೀತಲ್ಲ."

"ಗೊತ್ತು."

"ನಮ್ಮೆಜಮಾನರ ಗಿಲಕಿ ನೀನು ಹೇಳಲೇ ಇಲ್ಲ. ಮರೆತೆಯಾ? ಅದು ಎಲೆ ಗುರುತಿನ ಬಟ್ಟಲಿಗಿಂತ ಮುಂಚೆ. ಯುಗಾದಿಗೆ ಮೊದಲು ತಿದ್ದಿದ್ದು. ಆಮೇಲೆ ಅವರು ಹಾಸಿಗೆ ಹಿಡಿದರು."

ಅವನು ಚೌಕಟ್ಟು ಬಿಟ್ಟು ಹೊಸ್ತಿಲ ಮೇಲೆ ಕೂತ.

"ಅಲ್ಲ ಸಿದ್ದಮ್ಮ. ಬಟ್ಟಲು ಆದ ಮೇಲೆ. ಹೇಳಬೇಡ ಅಂದಿದ್ದ ಅವನು. ಸುಳ್ಳು ಜಾಗಕ್ಕೆ ಇಕ್ಕಾಕೂ ನನಗೆ ಮನಸಿಲ್ಲ. ಅದಕ್ಕೇ ದಾಟಿಬುಟ್ಟೆ."

"ಏನು ಹೇಳಬೇಡ ಅಂದಿದ್ದರು?"

"ಆಸ್ಪತ್ರೆಯಿಂದ ಬಂದಿದ್ದ ಕಣವ್ವ. ಒಂದು ಮಧ್ಯಾಹ್ನ, ಆಟೋದಲ್ಲಿ. ಕೈಗೆ ಸೂಜಿ ಹಾಕಿದ ಪಟ್ಟಿ ಹಂಗೇ ಇತ್ತು. ನನ್ನ ಕೋಲು ಕೊಡೋ ಅಂದ. ಕೂತ್ಕೊಂಡು ಒಂದು ಕಚ್ಚು ಹೊಸದಾಗಿ ಹಾಕ್ದ, ಕುತ್ತಿಗೆ ಕೆಳಗೆ. ಇದೇನ್ಲಾ, ಸಾಯೋ ಹೊತ್ನಲ್ಲಿ ಅಂತ ಬೈದೆ. ಅವಳ ಸೊಟ್ಟ ಬೆಳ್ಳು ಜಾರ್ತದೆ, ಒಸಿ ತಗ್ಗು ಮಾಡ್ತೀನಿ ಅಂದ. ಅಷ್ಟೇ ಹೇಳಿದ್ದು."

ಆ ಮಧ್ಯಾಹ್ನ ನನಗೆ ನೆನಪಿದೆ. ವಾರ್ಡಿನಲ್ಲಿ ಅವರ ಹಾಸಿಗೆ ಖಾಲಿ. ಮೂರು ಗಂಟೆ ನಾನು ಆಸ್ಪತ್ರೆಯ ಅಂಗಳವೆಲ್ಲ ಹುಡುಕಿದ್ದೆ. ಬಂದವರು "ಕಾಪಿ ಕುಡಿಯಾಕೆ ಹೋಗಿದ್ದೆ" ಅಂದರು. ನಾನು ಬಾಯಿಗೆ ಬಂದ ಹಾಗೆ ಅಂದೆ. ನಿಮಗೆ ಕಾಪಿ ಹೆಚ್ಚೋ ನಾನು ಹೆಚ್ಚೋ ಅಂದೆ. ಅವರು ನಕ್ಕರು. ಅದಾಗಿ ಒಂಬತ್ತನೆಯ ದಿನಕ್ಕೆ ಹೋದರು. ಆ ಕಾಪಿಯ ಸಿಟ್ಟು ನನ್ನಲ್ಲಿ ಹದಿಮೂರು ವರ್ಷ ಹಾಗೇ ಇತ್ತು. ಅವರು ಹೋದ ಮೇಲೆ ಕೆಲಸಕ್ಕೆ ಮರಳಿದಾಗ ಗಿಲಕಿಯಲ್ಲಿ ಆ ತಗ್ಗು ಕಂಡು, ಅವರು ಚೆನ್ನಾಗಿದ್ದ ಕಾಲದಲ್ಲೇ ಹಾಕಿದ್ದು ಎಂದು ತಿಳಿದಿದ್ದೆ. ಕಾಲ ತಪ್ಪು ತಿಳಿದಿದ್ದರಿಂದ ಅದು ನನ್ನ ಬೆರಳಿಗಾಗಿ ಅನ್ನುವುದೂ ತಿಳಿಯಲಿಲ್ಲ.

ವನಜಾಕ್ಷಿ ಕೀಲಿಮಣೆಯಿಂದ ಕೈ ತೆಗೆದು ಕೂತಿದ್ದಳು.

"ಎಲ್ಲಿಗೆ ಹಾಕಲಿ ಅಜ್ಜಿ?" ಅಂದಳು ಮೆಲ್ಲಗೆ.

"ತಾತ ಹೇಳಿದ ಕಡೆಗೆ ಹಾಕು. ಬಟ್ಟಲು ಆದ ಮೇಲೆ."

ಉಳಿದ ಬೀಜವನ್ನು ನೆಲಕ್ಕಿಟ್ಟೆ.

ಬುಧವಾರ ಬೆಳಿಗ್ಗೆ ಕನಕರಾಜು ಪರದೆಯ ಮುಂದೆ ನಿಂತರು. ತುದಿಯಲ್ಲಿ ಕಣ್ಣಿನ ಗಿಲಕಿ. ಲೋಕೇಶ ಈ ಸಲ ಹೆಸರನ್ನು ಬಾಲದವರೆಗೂ ಓದಿ ಒಂದನ್ನು ಕಡೆದುಕೊಟ್ಟ. ಬಳೆಯಲ್ಲಿ ತೂರಲಿಲ್ಲ. ಬುಗುರಿ ಹೇಳಿದರು, ಬಂಡಿ ಹೇಳಿದರು, ಮೇಲೆ ಸಿಕ್ಕದ್ದೆಲ್ಲ ಈಗಿನದೇ. "ಹೂಂ" ಅಂದರು. ವನಜಾಕ್ಷಿಗೆ "ಟೀ ಕುಡಿದ್ಯೇನಮ್ಮ?" ಅಂದರು. ಅವರ ಬಾಯಲ್ಲಿ ಅದಕ್ಕಿಂತ ಹೆಚ್ಚು ಬರುವುದಿಲ್ಲ. ಅವಳು ಈಗಲೂ ನಮ್ಮಲ್ಲೇ ಇದ್ದಾಳೆ.

ಇನ್ನೂರರವತ್ತು ಗಿಲಕಿಯ ತಲೆಗೆ ಕೊಕ್ಕೆ ಹಾಕಿ ಬೀಗದಕೈ ಗೊಂಚಲು ಮಾಡಿದರು. ಒಂದು ನನ್ನ ಸೊಂಟದಲ್ಲಿದೆ.

ಮುಂದಿನ ಆಯುಧಪೂಜೆಗೆ ವನಜಾಕ್ಷಿ ಕೋಡಿನಲ್ಲಿ ಇನ್ನೊಂದು ಉಪಾಯ ಮಾಡಿದಳು. ಹಬ್ಬದ ದಿನ ಯಾವ ಚಿತ್ರ ತೆರೆದರೂ ಮೂಲೆಯಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. ಅದು ಪರದೆಯ ಮೇಲಷ್ಟೇ, ಫೈಲಿನೊಳಗೆ ಹೋಗುವುದಿಲ್ಲ. ಮಾರನೆಯ ದಿನ ಇರುವುದಿಲ್ಲ. ಮುನಿಶಾಮಣ್ಣ ಹತ್ತಾರು ತೆಗೆಸಿ ನೋಡಿದ. ಸಾಲು ಕದಲಿರಲಿಲ್ಲ. "ಈಗ ನನ್ನ ಹಲಗೆ ಹಂಗಾಯ್ತು ಕಣ್ ಮಗಾ," ಅಂದು ಪೂಜೆಯ ಕಾಯಿಯ ಎರಡು ಹೋಳನ್ನೂ ಅವಳ ಕೈಗಿಟ್ಟ. ಅದು ಅವನ ಕೊನೆಯ ಆಯುಧಪೂಜೆ.

ನಾನು ಬೆಳಿಗ್ಗೆ ಬಂದ ಕೂಡಲೇ ಪರದೆ ಒರೆಸುತ್ತೇನೆ. ಒರೆಸಿ, ಪಟ್ಟಿಯ ಕೆಳಗಿನಿಂದ ಎಣಿಸುತ್ತೇನೆ. ಮೇಲಿನಿಂದ ಎಣಿಸಿದರೆ ಹೊಸ ಹೊಸ ಬೊಂಬೆ ಬಂದಂತೆ ಅದು ದೂರ ದೂರ ಹೋಗುತ್ತಿರುತ್ತದೆ. ಕೆಳಗಿನಿಂದಾದರೆ ಅರ್ಧಚಂದ್ರದ ಗಿಲಕಿ ಮೂವತ್ತೆಂಟನೆಯದು, ಅದರ ಕೆಳಗೆ ಬಟ್ಟಲು. ಹೋದ ತಿಂಗಳು ಲೋಕೇಶ ತಳದಲ್ಲಿದ್ದ ಮೂರು ಗೀಟಿನ ಬಂಡಿಯ ಅಳತೆ ತಿದ್ದಿದ. ಅದು ಎದ್ದು ಮೇಲಕ್ಕೆ ಹೋಯಿತು.

ಈಗ ಮೂವತ್ತೇಳು. ಕೆಳಗೆ ಬಟ್ಟಲು ಹಾಗೇ ಇದೆ.